ಆಯಿಲ್ ಲೈಟಿನ ಬಲ್ಬು

ಇದನ್ನು ಹೇಳುವುದನ್ನು ನಾನು ಬಹಳ ವರ್ಷಗಳಿಂದ ಮುಂದಕ್ಕೆ ಹಾಕುತ್ತ ಬಂದಿದ್ದೇನೆ. ಕಣ್ಣಿನ ಪೊರೆ ತೆಗೆಸಿಕೊಂಡ ಮೇಲೆ ಬರೆಯೋಣ ಅಂದುಕೊಂಡೆ. ತೆಗೆಸಿಕೊಂಡೆ, ಬರೆಯಲಿಲ್ಲ. ಮಗಳು ಬಾಣಂತನಕ್ಕೆ ಬಂದಿದ್ದಾಳೆ, ಅವಳು ಗಂಡನ ಮನೆಗೆ ಹೋಗಲಿ ಅಂದುಕೊಂಡೆ. ಅವಳೂ ಹೋದಳು. ಆ ಕೂಸು ಈಗ ಹೈಸ್ಕೂಲಿಗೆ ಹೋಗುತ್ತಿದೆ. ನಾನು ಓದಿದ್ದು ಎಸ್ಸೆಸ್ಸೆಲ್ಸಿ ತನಕ, ಬರವಣಿಗೆ ನನ್ನ ಕಸುಬಲ್ಲ ಎಂಬ ನೆಪವೂ ಇತ್ತು. ಸುಳ್ಳು ಹೇಳುವಾಗ ಈ ಓದು ಸಾಲದು ಎಂದು ನನಗೆ ಅನ್ನಿಸಿರಲಿಲ್ಲ.

ನನ್ನದು ಕೊಳ್ಳೇಗಾಲ. ರೇಷ್ಮೆ ಗೂಡು ಸಾಗಿಸುವುದು ನನ್ನ ಕೆಲಸವಾಗಿತ್ತು. ಎಂಬತ್ತರ ದಶಕದಲ್ಲಿ ಸೈಕಲ್ಲಿನ ಕ್ಯಾರಿಯರಿಗೆ ಬಿದಿರು ಬುಟ್ಟಿ ಕಟ್ಟಿಕೊಂಡು ಹತ್ತಿರದ ಹಳ್ಳಿಗಳಿಂದ ತರುತ್ತಿದ್ದೆ. ಆಮೇಲೆ ಬಾಡಿಗೆ ಆಟೋ, ಬಾಡಿಗೆ ಟೆಂಪೋ. ರೈತರು ಚಂದ್ರಿಕೆಯಿಂದ, ಅಂದರೆ ಹುಳ ಗೂಡು ಕಟ್ಟುವ ಬಿದಿರಿನ ತಟ್ಟಿಯಿಂದ, ಗೂಡು ಬಿಡಿಸಿ, ಚೀಲಕ್ಕೆ ಸಡಿಲವಾಗಿ ತುಂಬಿ ಇಟ್ಟಿರುತ್ತಿದ್ದರು. ಬೆಳಿಗ್ಗೆ ಹರಾಜು ಶುರುವಾಗುವ ಹೊತ್ತಿಗೆ ನಾನು ಅದನ್ನು ಕೊಳ್ಳೇಗಾಲದ ಗೂಡಿನ ಮಾರುಕಟ್ಟೆಗೆ ಮುಟ್ಟಿಸಬೇಕು. ಗೂಡನ್ನು ಒತ್ತಿದರೆ ಒಳಗಿನ ಹುಳ ಒಡೆದು ಕಲೆಯಾಗುತ್ತದೆ. ಚೀಲ ಬಿಸಿಲಿಗೆ ನಿಂತರೆ ಬೆವರುತ್ತದೆ. ಎಲ್ಲಕ್ಕಿಂತ ಹೆಚ್ಚಿನ ಹೆದರಿಕೆ ಎಣ್ಣೆಯದು. ಒಂದು ಸಲ ಬಾಡಿಗೆ ಟೆಂಪೋದ ಡ್ರೈವರ್ ಇಂಜಿನ್ ಆಯಿಲ್ ನೋಡಿದ ಕೈಯಲ್ಲೇ ಚೀಲ ಎತ್ತಿದ. ಮಾರುಕಟ್ಟೆಯಲ್ಲಿ ಕೊಳ್ಳಲು ಬಂದವನೊಬ್ಬ ಕಪ್ಪು ಬೆರಳಚ್ಚು ಬಿದ್ದ ಒಂದೇ ಒಂದು ಗೂಡನ್ನು ಎತ್ತಿ ಎಲ್ಲರಿಗೂ ತೋರಿಸಿ ನಕ್ಕ. ಆ ರಾಶಿಯನ್ನು ಅವತ್ತು ಹರಾಜಿನಲ್ಲಿ ಯಾರೂ ಸರಿಯಾದ ಬೆಲೆಗೆ ಕೂಗಲಿಲ್ಲ.

ಅಂದಿನಿಂದ ನಾನೊಂದು ನಿಯಮ ಮಾಡಿದೆ. ಗೂಡಿನ ದಿನ ಬೆಳಿಗ್ಗೆ ಯಾರೂ ಬಾನೆಟ್ ಎತ್ತಬಾರದು. ಆಯಿಲ್, ನೀರು ಏನಿದ್ದರೂ ಹಿಂದಿನ ಸಂಜೆಯೇ ನೋಡಿ, ಸೋಪು ಹಾಕಿ ಕೈ ತೊಳೆದುಬಿಡಬೇಕು. ರೈತರಿಗೆ ಇದು ಬಹಳ ಹಿಡಿಸಿತು. ‘ಅವ್ರ ಗಾಡೀಲಿ ಗೂಡು ಕೊಳೆ ಆಗದಿಲ್ಲ’ ಎಂದು ಹನೂರು ಕಡೆಯವರು ಮಾತಾಡಿಕೊಳ್ಳುವುದು ಕಿವಿಗೆ ಬಿದ್ದಾಗ ನಾನು ಒಳಗೊಳಗೇ ಹಿಗ್ಗುತ್ತಿದ್ದೆ.

ತೊಂಬತ್ತರ ದಶಕ ಮುಗಿಯುವ ಹೊತ್ತಿಗೆ ಒಂದು ಹಳೆಯ ಡೀಸೆಲ್ ಪಿಕಪ್ ಕೊಂಡೆ. ಮೈಸೂರು ಕಡೆಯ ಗಾಡಿ. ಯಾರು ಯಾರ ಕೈ ದಾಟಿ ಬಂದಿತ್ತೋ ಗೊತ್ತಿಲ್ಲ. ಬಾಗಿಲು ಹಾಕಬೇಕಾದರೆ ಎತ್ತಿ ಹಾಕಬೇಕು. ಆದರೆ ನನ್ನದೇ ಗಾಡಿ. ಅದನ್ನು ಓಡಿಸಲು ಒಬ್ಬ ಡ್ರೈವರನ್ನು ಇಟ್ಟುಕೊಂಡೆ. ನಲವತ್ತರ ಆಸುಪಾಸಿನ ಮನುಷ್ಯ, ಮೊದಲು ಟ್ರ್ಯಾಕ್ಟರ್ ಓಡಿಸಿಕೊಂಡಿದ್ದವನು, ಕೊಳ್ಳೇಗಾಲದಲ್ಲೇ ನಮ್ಮ ಬೀದಿಯ ಹಿಂದಿನ ಓಣಿಯಲ್ಲಿ ಮನೆ. ಅವನದೊಂದು ಅಭ್ಯಾಸ. ಕೀ ತಿರುಗಿಸಿದ ತಕ್ಷಣ ಸೆಲ್ಫ್ ಹೊಡೆಯುತ್ತಿರಲಿಲ್ಲ. ಆಗ ಮೀಟರ್ ಬೋರ್ಡಿನಲ್ಲಿ ಕೆಂಪು, ಹಳದಿ ಲೈಟುಗಳೆಲ್ಲ ಒಟ್ಟಿಗೆ ಹೊತ್ತಿಕೊಳ್ಳುತ್ತವೆ. ಇಂಜಿನ್ ಶುರುವಾದರೆ ಆರುತ್ತವೆ. ಅವನು ಮೇಷ್ಟ್ರು ಹಾಜರಿ ಹಾಕುವಂತೆ ಒಂದೊಂದನ್ನೂ ನೋಡಿ, “ಎಲ್ರೂ ಆಜ್ರು ಸಾ, ಓಗವಾ” ಎಂದು ಹೇಳಿ ಆಮೇಲೆ ಗಾಡಿ ಎಬ್ಬಿಸುತ್ತಿದ್ದ.

ಅವನ ಹೆಂಡತಿ ನೂಲು ಬಿಚ್ಚುವ ಒಂದು ಶೆಡ್ಡಿನಲ್ಲಿ ಕೆಲಸಕ್ಕೆ ಹೋಗುತ್ತಿದ್ದಳು. ನಾನು ತಂದ ಗೂಡನ್ನೇ ಅಲ್ಲಿ ಕುದಿಯುವ ನೀರಿಗೆ ಹಾಕಿ, ಎಳೆ ಹುಡುಕಿ ಎತ್ತಿ ರಾಟೆಗೆ ಕೊಡಬೇಕು. ಬೆಳಗಿನಿಂದ ಸಂಜೆಯವರೆಗೆ ಕೈ ಬಿಸಿನೀರಿನಲ್ಲಿ. ಬೆರಳ ಸಂದಿಯ ಚರ್ಮ ಬೆಳ್ಳಗೆ ನೆನೆದು ಸುಲಿದಿರುತ್ತಿತ್ತು. ಖಾರ ತಾಗಿದರೆ ಉರಿ ಎಂದು ಊಟವನ್ನು ಚಮಚದಲ್ಲಿ ಮಾಡುತ್ತಿದ್ದಳು.

ಆ ವರ್ಷ ಊರಿನ ಒಂದು ಖಾಸಗಿ ಶಾಲೆಯವರು ಮಕ್ಕಳನ್ನು ಕರೆತರಲು ವ್ಯಾನು ಕೊಳ್ಳುವವರಿದ್ದರು. ಜೂನಿನಿಂದ ಡ್ರೈವರ್ ಬೇಕು, ತಿಂಗಳ ಸಂಬಳ, ಭಾನುವಾರ ರಜೆ. ನನ್ನ ಡ್ರೈವರ್ ಹೋಗಿ ಕೇಳಿಕೊಂಡು ಬಂದಿದ್ದ. ಶಾಲೆಯ ಮ್ಯಾನೇಜರು, “ಈಗಿರುವ ಯಜಮಾನರನ್ನು ಒಂದು ಮಾತು ವಿಚಾರಿಸುತ್ತೇವೆ, ಮಕ್ಕಳ ವಿಷಯ” ಎಂದರಂತೆ. ಮಾರನೆಯ ದಿನವೇ ಅವನ ಹೆಂಡತಿ ನಮ್ಮ ಮನೆಗೆ ಬಂದಳು. ಒಳಗೆ ಬಾ ಎಂದರೂ ಬರಲಿಲ್ಲ, ಜಗಲಿಯ ಕಂಬ ಹಿಡಿದು ನಿಂತು ಹೇಳಿದಳು.

“ಅಣ್ಣಾ, ಸ್ಕೂಲ್ನೋರು ಕೇಳುದ್ರೆ ನೀವೊಂದು ಒಳ್ಳೆ ಮಾತು ಏಳ್ಬುಡಿ. ಅವ್ರಿಗೆ ಸಂಬ್ಳ ಆದ್ರೆ ನಾನು ಈ ಬಿಸ್ನೀರು ಬುಟ್ಬುಡ್ತೀನಿ.”

“ಒಳ್ಳೆ ಡ್ರೈವರ್ ಅಂತ ಹೇಳೋಕೆ ನಾನೇನು ಸುಳ್ಳು ಹೇಳಬೇಕಾ?” ಎಂದು ನಕ್ಕೆ. ಅವಳೂ ನಕ್ಕಳು.

ಗಾಡಿ ಬಂದ ಮೂರನೆಯ ದಿನವೇ ಲೈಟಿನ ಕಾಟ ಶುರುವಾಗಿತ್ತು. ಎಣ್ಣೆ ಕುಡಿಕೆಯ ಚಿತ್ರ ಇರುವ ಕೆಂಪು ಲೈಟು, ಇಂಜಿನ್ನಿಗೆ ಆಯಿಲ್ ಸರಿಯಾಗಿ ಏರುತ್ತಿಲ್ಲ ಎಂದು ತೋರಿಸುವುದು. ಬೆಳಿಗ್ಗೆ ತಣ್ಣಗಿದ್ದಾಗ ಬರುತ್ತಿರಲಿಲ್ಲ. ಹನೂರಿಗೆ ಹೋಗಿ ಬಂದು ಕೊಳ್ಳೇಗಾಲದ ಸಂದಣಿಯಲ್ಲಿ ನಿಧಾನ ಮಾಡಿದರೆ ಮಿಣುಕುವುದು. ಆಕ್ಸಿಲರೇಟರ್ ಒತ್ತಿದರೆ ಆರುವುದು. ಬಿಟ್ಟರೆ ಮತ್ತೆ ಮಿಣುಕುವುದು.

ಆಯಿಲ್ ಅಳತೆ ಕಡ್ಡಿ ಎಳೆದು ನೋಡಿದರೆ ಆಯಿಲ್ ಸರಿಯಾಗಿತ್ತು. ಹಳೆಯದನ್ನು ಚೆಲ್ಲಿ ಮಂದದ ಆಯಿಲ್ ಹಾಕಿಸಿದೆ. ಎರಡು ದಿನ ಸುಮ್ಮನಿದ್ದು ಮೂರನೆಯ ದಿನ ಬಂತು. ಲೈಟಿಗೆ ಸುದ್ದಿ ಕೊಡುವ ಸ್ವಿಚ್ಚು ಕೆಟ್ಟಿರಬೇಕು ಎಂದರು. ಮೈಸೂರಿನಿಂದ ಹೊಸದು ತರಿಸಿ ಹಾಕಿಸಿದೆ. ಬಂತು. ಎಲೆಕ್ಟ್ರಿಷಿಯನ್ ಒಬ್ಬ ವೈರು ಉಜ್ಜಿಹೋಗಿದೆ ಎಂದು ಟೇಪು ಸುತ್ತಿದ. ಒಂದು ವಾರ ಬರಲಿಲ್ಲ. ಆ ವಾರ ನಾನು ಗೆದ್ದೆ ಎಂದುಕೊಂಡಿದ್ದೆ. ಸೋಮವಾರ ಬಂತು. ಬಸ್ ಸ್ಟ್ಯಾಂಡಿನ ಹತ್ತಿರ ಟೀ ಕುಡಿಯಲು ನಿಂತರೆ ಹತ್ತು ಜನ ಹತ್ತು ಕಾರಣ ಹೇಳುತ್ತಿದ್ದರು. ಒಬ್ಬ ಮುಂಭಾಗಕ್ಕೆ ನಿಂಬೆಹಣ್ಣು ಕಟ್ಟು ಎಂದ. ಅದನ್ನೂ ಕಟ್ಟಿದೆ. ನನಗೆ ನಾಚಿಕೆಯಿಲ್ಲ, ಆ ಲೈಟು ನನ್ನನ್ನು ಅಷ್ಟು ಕಾಡಿತ್ತು. ಊಟಕ್ಕೆ ಕೂತರೂ ಕೆಂಪಗೆ ಅದೇ ಕಣ್ಣಿಗೆ ಬರುತ್ತಿತ್ತು.

ಕೊನೆಗೆ ಡ್ರೈವರೇ ಹೇಳಿದ: “ಸಾ, ಯಳಂದೂರಲ್ಲಿ ಒಬ್ರು ಹಳೇ ಮೇಸ್ತ್ರಿ ಅವ್ರೆ. ಟ್ರ್ಯಾಕ್ಟ್ರು ಕೆಟ್ಟಾಗ ಅವ್ರ ತಾವೇ ಓಯ್ತಿದ್ದೆ. ಒಂದ್ಸಲ ತೋರ್ಸವಾ.”

ಯಳಂದೂರಿನ ಆ ಮೇಸ್ತ್ರಿಯ ಶೆಡ್ಡು ಅಂದರೆ ಒಂದು ಹುಣಸೆಮರ, ನಾಲ್ಕು ಶೀಟು. ಮೇಸ್ತ್ರಿಗೆ ಕಿವಿ ಸ್ವಲ್ಪ ಮಂದ. ಅವರು ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನ್ನಿಗೆ ಇಟ್ಟು, ಹಿಡಿಯನ್ನು ಕಿವಿಗೆ ಒತ್ತಿ ಬಹಳ ಹೊತ್ತು ಕೇಳಿದರು. ಆಮೇಲೆ ಸ್ವಿಚ್ಚು ಬಿಚ್ಚಿ ಆ ಜಾಗದಲ್ಲಿ ಆಯಿಲಿನ ಒತ್ತಡ ಅಳೆಯುವ ತಮ್ಮ ಗೇಜು ಹಾಕಿ, ಇಂಜಿನ್ ಬಿಸಿಯಾಗುವವರೆಗೆ ಬೀಡಿ ಸೇದುತ್ತ ಕೂತರು. ಗೇಜಿನ ಮುಳ್ಳು ನಿಧಾನವಾಗಿ ಕೆಳಕ್ಕೆ ಇಳಿಯಿತು.

“ನೀವು ಲೈಟ್ ರಿಪೇರಿ ಮಾಡ್ಸಕೆ ಬಂದಿದ್ದೀರೋ, ಇಂಜಿನ್ ರಿಪೇರಿ ಮಾಡ್ಸಕೋ?” ಎಂದು ನನ್ನನ್ನು ಕೇಳಿದರು.

“ಲೈಟು ಹೋದರೆ ಸಾಕು ಮೇಸ್ತ್ರಿ.”

“ಲೈಟು ಸರ್ಯಾಗದೆ. ಅದು ನಿಜ ಏಳ್ತಾ ಅದೆ. ಬಿಸಿ ಆದ್ಮ್ಯಾಲೆ ಆಯಿಲ್ ಮ್ಯಾಕ್ಕೆ ಏರ್ತಾ ಇಲ್ಲ. ಕೆಳಗಿನ್ ಚೇಂಬರ್ ಇಳುಸ್ಬೇಕು, ಜಾಲರಿ ಕಟ್ಕೊಂಡಿರ್ಬೋದು, ಬೇರಿಂಗ್ ಸವ್ದಿರ್ಬೋದು. ಮೂರು ದಿವ್ಸ ಗಾಡಿ ಬುಟ್ಟೋಗಿ.”

ಚೇಂಬರ್ ಅಂದರೆ ಇಂಜಿನ್ನಿನ ಅಡಿಯಲ್ಲಿ ಆಯಿಲ್ ನಿಲ್ಲುವ ತಟ್ಟೆ, ಜಾಲರಿ ಅದರೊಳಗೆ ಆಯಿಲ್ ಸೋಸುವುದು. ಮೂರು ದಿನ ಬಿಟ್ಟು ಹೋಗುವುದು ನನಗೆ ಆಗಲಿಲ್ಲ. ಹನೂರು ಕಡೆ ಎಲ್ಲ ಕಡೆಯೂ ಹುಳ ಹಣ್ಣಾಗಿ ಚಂದ್ರಿಕೆಗೆ ಏರಿದ್ದ ಸಮಯ. ಮುಂದಿನ ತಿಂಗಳು ಬಿಡುತ್ತೇನೆ ಎಂದೆ. ಮೇಸ್ತ್ರಿ ಗೇಜು ಬಿಚ್ಚಿಕೊಂಡು, “ಅಲ್ಲಿಗಂಟ ಲೈಟ್ ನೋಡ್ಕಂಡು ಓಡ್ಸಪ್ಪಾ” ಎಂದು ಡ್ರೈವರಿಗೆ ಹೇಳಿದರು. ನನಗಲ್ಲ, ಅವನಿಗೆ.

ಶಾಗ್ಯದ ರೈತರೊಬ್ಬರು ನನಗೆ ಬಹಳ ವರ್ಷದ ಗಿರಾಕಿ. ದೊಡ್ಡ ಬಾಯಿ, ದೊಡ್ಡ ಬೆಳೆ. ಗೂಡಿನ ಜೊತೆ ಅವರೂ ಮುಂದೆ ಕೂತು ಬರುತ್ತಿದ್ದರು. ಒಂದು ದಿನ ಕೊಳ್ಳೇಗಾಲದ ಹತ್ತಿರ ಲೈಟು ಮಿಣುಕಿದ್ದನ್ನು ನೋಡಿ ಬೆಚ್ಚಿಬಿದ್ದರು.

“ಇದ್ಯಾನ್ಲಾ ಇದು, ಕೆಂಪುಗೆ? ಬೆಂಕಿ ಗಿಂಕಿ ಅತ್ಕಂಡದಾ?”

“ಬೆಂಕಿ ಅಲ್ಲ ಗೌಡ್ರೇ, ಆಯಿಲ್ ಲೈಟು” ಎಂದ ಡ್ರೈವರ್.

“ಯಾವ್ದಾದ್ರೂ ಆಗ್ಲಿ. ನನ್ ಗೂಡು ದಾರೀಲಿ ನಿಂತ್ರೆ ನಿಮ್ಮಪ್ಪ ಒತ್ಕಂಡೋದನಾ?” ಎಂದು ಹೇಳಿ ನನ್ನ ಕಡೆ ತಿರುಗಿದರು. “ನೋಡಿ, ಮುಂದಿನ್ ಬೆಳೆಗೆ ಈ ಲೈಟ್ ಕಂಡ್ರೆ ನಾನು ಬ್ಯಾರೆ ಗಾಡಿಗಾಕಂತೀನಿ. ಊರೋರ್ಗೂ ಏಳ್ತೀನಿ.”

ಅದಾದ ಭಾನುವಾರ, ಗೂಡು ತರುವುದಿರಲಿಲ್ಲ, ಡ್ರೈವರ್ ಬಂದಿರಲಿಲ್ಲ. ಮಧ್ಯಾಹ್ನ ಊಟ ಮಾಡಿ ನಾನೇ ಗಾಡಿಯ ಒಳಗೆ ಕೂತೆ. ಮೀಟರ್ ಬೋರ್ಡಿನ ಕೆಳಗಿನಿಂದ ಕೈ ಹಾಕಿ ತಡಕಿದೆ. ಹಿಂದುಗಡೆ ಸಾಲಾಗಿ ಬಲ್ಬಿನ ಹೋಲ್ಡರುಗಳು. ಕಾಲು ಸುತ್ತು ತಿರುಗಿಸಿ ಎಳೆದರೆ ಬಲ್ಬು ಕೈಗೆ ಬರುತ್ತದೆ. ಮೊದಲು ಬೇರೆ ಯಾವುದೋ ಬಂತು, ಅದನ್ನು ಮತ್ತೆ ಹಾಕಿದೆ. ಎರಡನೆಯದು ಸರಿಯಾಗಿ ಅದೇ. ಹುರುಳಿಕಾಳಿಗಿಂತ ಸ್ವಲ್ಪ ದೊಡ್ಡದು. ಹೋಲ್ಡರನ್ನು ಮಾತ್ರ ಅಲ್ಲೇ ಸಿಕ್ಕಿಸಿ, ಬಲ್ಬನ್ನು ನಮ್ಮ ಮನೆಯ ಹಿಂದಿನ ಚರಂಡಿಗೆ ಎಸೆದೆ. ಇಷ್ಟು ತಿಂಗಳ ಕಾಟ ಐದು ನಿಮಿಷದಲ್ಲಿ ಮುಗಿಯಿತಲ್ಲ ಎಂದು ನನಗೆ ಸಮಾಧಾನವೇ ಆಯಿತು ಎಂಬುದನ್ನು ಇಲ್ಲಿ ಬರೆಯಲೇಬೇಕು. ಅವತ್ತು ಮಧ್ಯಾಹ್ನ ಚೆನ್ನಾಗಿ ನಿದ್ದೆ ಮಾಡಿದೆ.

ಸೋಮವಾರ ಅವನು ಕೀ ತಿರುಗಿಸಿ, ಸೆಲ್ಫ್ ಹೊಡೆಯದೆ ಹಾಗೇ ಕೂತ.

“ಒಬ್ಬ ಬಂದಿಲ್ವಲ್ಲ ಸಾ ಇವತ್ತು.”

“ಯಾರು?”

“ಆಯಿಲ್ ಲೈಟು. ಕೀ ಆಕ್ದಾಗ ಬಂದು ಆಮೇಕೆ ಓಗ್ಬೇಕಲ್ವಾ?”

“ನಿನ್ನೆ ಎಲೆಕ್ಟ್ರಿಷಿಯನ್ ಬಂದಿದ್ದ. ಎಲ್ಲಾ ರೆಡಿ ಮಾಡಿದ್ದಾನೆ. ಈಗ ತೊಂದರೆ ಇದ್ದರೆ ಮಾತ್ರ ಬರುತ್ತೆ, ಸುಮ್ಮಸುಮ್ಮನೆ ಬರಲ್ಲ. ಹೊಸ ಥರದ್ದು.”

ಅವನು ನನ್ನ ಮುಖ ನೋಡಿದ. “ಅಂಗಾ? ಒಳ್ಳೇದಾಯ್ತು ಬುಡಿ” ಎಂದು ಗಾಡಿ ಎಬ್ಬಿಸಿದ. ಅವನು ನಂಬಿದ. ನಾನು ಯಜಮಾನ, ಅದಕ್ಕೇ ನಂಬಿದ ಎಂದು ಈಗ ಅನ್ನಿಸುತ್ತದೆ. ಅವತ್ತು ನಾನು ಅದನ್ನು ಅವನ ಪೆದ್ದುತನ ಎಂದುಕೊಂಡಿದ್ದೆ.

ಶಾಗ್ಯದ ಗೌಡರ ಮುಂದಿನ ಬೆಳೆ ಬೇಸಿಗೆಯಲ್ಲಿ ಬಂತು. ಯಳಂದೂರಿಗೆ ಗಾಡಿ ಬಿಡುವ ಆ ‘ಮುಂದಿನ ತಿಂಗಳು’ ಅಷ್ಟರಲ್ಲಿ ಮೂರು ಸಲ ಮುಂದೆ ಹೋಗಿತ್ತು. ಹಿಂದಿನ ಸಂಜೆ ಡ್ರೈವರ್ ಆಯಿಲ್ ನೋಡಿ, ಕೈ ತೊಳೆದು, ನನಗೆ ಹೇಳಿಯೇ ಮನೆಗೆ ಹೋದ. ಬೆಳಗಾಗುತ್ತಲೇ ಹೊರಟೆವು. ಗೂಡು ತುಂಬಿಕೊಂಡು ಗೌಡರ ತೋಟದ ಮಣ್ಣುದಾರಿಯಲ್ಲಿ ಬರುವಾಗ ಗಾಡಿಯ ಅಡಿಗೆ ಏನೋ ಹೊಡೆದ ಸದ್ದಾಯಿತು.

“ಕಲ್ಲು ಹೊಡೀತು ಸಾ. ಇಳ್ದು ನೋಡ್ಲಾ?”

“ಚೇಂಬರಿಗೆ ಕೈ ಹಾಕಿ ಆಮೇಲೆ ಚೀಲಕ್ಕೂ ಮೆತ್ತುತ್ತೀಯ. ನಡಿ, ಹರಾಜಿಗೆ ಹೊತ್ತಾಯಿತು” ಎಂದೆ.

ಡಾಂಬರು ರಸ್ತೆಗೆ ಬಂದೆವು. ಗೌಡರು ನಮ್ಮಿಬ್ಬರ ನಡುವೆ ಕೂತು ಮೀಟರ್ ಬೋರ್ಡನ್ನು ನೋಡಿ, “ಲೈಟ್ ಓಗದೆ ಬುಡು. ಈಗ ಗಾಡಿ ಅಂದ್ರೆ ಗಾಡಿ” ಎಂದು ನನ್ನ ತೊಡೆ ತಟ್ಟಿದರು. ಕಾಮಗೆರೆ ಇನ್ನೂ ಸ್ವಲ್ಪ ದೂರ ಇರುವಾಗ ಡ್ರೈವರ್ ಕಿವಿ ಓರೆ ಮಾಡಿದ.

“ಸದ್ದು ಬ್ಯಾರೆ ಆಗದೆ ಸಾ. ಕಟಕಟ ಅಂತದೆ. ನಿಲ್ಲುಸ್ಲಾ?”

ನಾನು ಮಾತಾಡಲಿಲ್ಲ. ಅವನು ಲೈಟಿನ ಜಾಗವನ್ನು ನೋಡಿದ. ಅಲ್ಲಿ ಕಪ್ಪಗೆ ಇತ್ತು. “ಲೈಟೂ ಬಂದಿಲ್ಲ” ಎಂದು ತನಗೆ ತಾನೇ ಹೇಳಿಕೊಂಡು ಮುಂದಕ್ಕೆ ಓಡಿಸಿದ.

ನಾನು ಆಗ ಬಾಯಿ ಬಿಡಬಹುದಿತ್ತು. ‘ನಿಲ್ಲಿಸು’ ಎಂಬುದು ಒಂದೇ ಮಾತು. ಬಲ್ಬಿನ ವಿಷಯವನ್ನೂ ಹೇಳಬೇಕಾಗಿರಲಿಲ್ಲ. ಆದರೆ ಗೌಡರು ಪಕ್ಕದಲ್ಲಿದ್ದರು. ಗಾಡಿ ನಿಲ್ಲಿಸಿದರೆ ಏಕೆ ಎಂದು ಕೇಳುತ್ತಾರೆ. ಇನ್ನೊಂದು ಮೈಲಿ, ಕಾಮಗೆರೆ ಬರಲಿ, ಅಲ್ಲಿ ಏನಾದರೂ ನೆಪ ಹೇಳಿ ನಿಲ್ಲಿಸೋಣ ಎಂದು ಕೈ ಮುಷ್ಟಿ ಮಾಡಿಕೊಂಡು ಕೂತಿದ್ದೆ. ಊರಿನ ಮೊದಲ ಮನೆಗಳು ಕಾಣುವ ಹೊತ್ತಿಗೆ ಇಂಜಿನ್ ಒಮ್ಮೆ ಕಿರುಚಿತು. ಚಕ್ರಗಳು ಹಿಡಿದುಕೊಂಡು ಗಾಡಿ ರಸ್ತೆಯ ಪಕ್ಕಕ್ಕೆ ಜಾರಿ ನಿಂತಿತು. ಸುಟ್ಟ ವಾಸನೆ. ಹಿಂದೆ ತಿರುಗಿ ನೋಡಿದರೆ ರಸ್ತೆಯ ಮೇಲೆ ಆಯಿಲಿನ ಕಪ್ಪು ಗೆರೆ, ಕಣ್ಣಿಗೆ ಕಾಣುವಷ್ಟು ದೂರವೂ ಇತ್ತು.

ಜನ ಸೇರಿದರು. ಬಿಸಿಲು ಏರತೊಡಗಿತ್ತು. ಬೇರೆ ಗಾಡಿ ಸಿಕ್ಕಿ, ಚೀಲ ಬದಲಾಯಿಸಿ ಹೋಗುವಷ್ಟರಲ್ಲಿ ಅವತ್ತಿನ ಹರಾಜು ಮುಗಿದೇ ಹೋಗುತ್ತದೆ ಎಂದು ಗೌಡರಿಗೆ ಗೊತ್ತಾಯಿತು. ಅವರು ಡ್ರೈವರಿನ ಅಂಗಿಯ ಕೊರಳಪಟ್ಟಿಗೆ ಕೈ ಹಾಕಿದರು.

“ಬೆಳಗ್ಗೆ ಆಯಿಲ್ ನೋಡಿದ್ಯೇನ್ಲಾ ನೀನು?”

“ನೆನ್ನೆ ಸಾಯಂಕಾಲ ನೋಡಿದ್ದೆ ಗೌಡ್ರೇ.”

“ಬೆಳಗ್ಗೆ ಅಂದೆ ನಾನು!”

“ಗೂಡಿನ್ ದಿವ್ಸ ಬೆಳಗ್ಗೆ ಬಾನೆಟ್ ಮುಟ್ಟಂಗಿಲ್ಲ ಅಂತ ನಮ್ ಸಾ ಏಳವ್ರೆ. ಕೇಳಿ ಬೇಕಾರೆ. ಲೈಟೂ ಬರ್ನಿಲ್ಲ, ನೀವೇ ಜೊತ್ಗಿದ್ರಲ್ಲಾ.”

ಎಲ್ಲರೂ ನನ್ನ ಕಡೆ ತಿರುಗಿದರು. ಅವನೂ ತಿರುಗಿದ. ಅವನ ಮುಖದಲ್ಲಿ ಹೆದರಿಕೆ ಇರಲಿಲ್ಲ. ಈಗ ನಾನು ಹೇಳುತ್ತೇನೆ, ಗೌಡರು ಕೈ ಬಿಡುತ್ತಾರೆ ಎಂದುಕೊಂಡಿದ್ದ.

ನಾನು ಹೇಳಿದ್ದು ಇದು: “ಚೀಲ ತುಂಬುವಾಗ ಮುಟ್ಟಬೇಡ ಅಂದಿದ್ದೆ ಕಣಯ್ಯ. ಮನೆಯಿಂದ ಹೊರಡುವಾಗ ನೋಡಬೇಡ ಅಂತ ಯಾರು ಹೇಳಿದರು?”

ಗೌಡರು ಅವನನ್ನು ತಳ್ಳಿ, “ಇಂಥೋನ ಕೈಗೆ ಗಾಡಿ ಕೊಟ್ಟಿದ್ದೀರಲ್ರೀ” ಎಂದು ನನಗೆ ಅನುಕಂಪ ತೋರಿಸಿದರು.

ಗಾಡಿಯನ್ನು ಎಳೆಸಿಕೊಂಡು ಯಳಂದೂರಿನ ಮೇಸ್ತ್ರಿಯ ಶೆಡ್ಡಿಗೆ ತಂದೆವು. ಡ್ರೈವರ್ ಎರಡು ದಿನ ಅಲ್ಲೇ ಇದ್ದು ಇಂಜಿನ್ ಇಳಿಸಲು ಕೈ ಹಾಕಿದ. ಬೇಡ ಎಂದರೂ ಕೇಳಲಿಲ್ಲ. ಮೇಸ್ತ್ರಿ ಚೇಂಬರಿನ ಜಾಲರಿ ಬಿಚ್ಚಿ ನನಗೆ ತೋರಿಸಿದರು. ಹಿಂದೆ ಯಾರೋ ರಿಪೇರಿ ಮಾಡಿದವರು ಪ್ಯಾಕಿಂಗಿಗೆ ಅಂಟು ಬಳಿದು, ಹೆಚ್ಚಾದ ಅಂಟು ಒಳಗೆ ಉದುರಿ, ಅರ್ಧ ಜಾಲರಿ ಮುಚ್ಚಿಕೊಂಡಿತ್ತು. ಇಷ್ಟು ತಿಂಗಳು ಆ ಲೈಟು ಹೇಳುತ್ತಿದ್ದುದು ಇದನ್ನೇ. ಉಗುರಿನಲ್ಲಿ ಕೆರೆದರೆ ಬರುತ್ತಿತ್ತು.

“ಇದನ್ನ ಅವತ್ತೇ ಕ್ಲೀನ್ ಮಾಡ್ಬೋದಾಗಿತ್ತು. ಮೊನ್ನೆ ಕಲ್ಲು ಹೊಡ್ದು ಆಯಿಲ್ ಪೂರಾ ಸೋರೋಗದೆ, ಅದು ಬ್ಯಾರೆ. ಆದ್ರೂ ಲೈಟ್ ನೋಡಿ ನಿಲ್ಸಿದ್ರೆ ಇಂಜಿನ್ ಉಳೀತಿತ್ತು” ಎಂದರು ಮೇಸ್ತ್ರಿ. ನಾನು ಹುಣಸೆಮರದ ಕಡೆ ನೋಡುತ್ತಿದ್ದೆ.

ವಾರದೊಳಗೆ ಶಾಲೆಯ ಮ್ಯಾನೇಜರು ಮಾರುಕಟ್ಟೆಯ ಬಾಗಿಲಲ್ಲಿ ಸಿಕ್ಕಿದರು. ಸುದ್ದಿ ಅವರಿಗೂ ಮುಟ್ಟಿತ್ತು. “ಹೇಗೆ ಯಜಮಾನರೇ ನಿಮ್ಮ ಡ್ರೈವರು? ನಂಬಬಹುದಾ?” ಎಂದರು.

“ಓಡಿಸುವುದೇನೋ ಚೆನ್ನಾಗಿ ಓಡಿಸುತ್ತಾನೆ. ಕುಡಿತ ಗಿಡಿತ ಇಲ್ಲ. ಆದರೆ ಆಯಿಲ್ ಗೀಯಿಲ್ ನೋಡಿಕೊಳ್ಳುವುದರಲ್ಲಿ…” ಎಂದೆ.

ಮಾತು ಮುಗಿಸಲಿಲ್ಲ. ಮುಗಿಸದಿದ್ದರೆ ಪಾಪ ಕಡಿಮೆ ಎಂದು ಆಗ ಅನ್ನಿಸಿರಬೇಕು. ಅವರು ತಲೆಯಾಡಿಸಿ, “ಮಕ್ಕಳ ವಿಷಯ ನೋಡಿ” ಎಂದು ಹೋದರು. ಜೂನಿನಲ್ಲಿ ಆ ವ್ಯಾನಿಗೆ ಬೇರೆಯವನು ಬಂದ.

ಗಾಡಿ ಮಾರಿದೆ. ಡ್ರೈವರನ್ನು ನಾನು ಬಿಡಿಸಲಿಲ್ಲ, ಓಡಿಸಲು ಗಾಡಿಯೇ ಇರಲಿಲ್ಲ. ಅವನನ್ನು ಕೊಳ್ಳೇಗಾಲದಲ್ಲಿ ಯಾರೂ ಸ್ಟಿಯರಿಂಗಿಗೆ ಹತ್ತಿಸಲಿಲ್ಲ ಎಂದು ಕೇಳಿದೆ. ಗಂಡ ಹೆಂಡತಿ ಯಳಂದೂರು ತಾಲ್ಲೂಕಿನ ಹೊನ್ನೂರಿಗೆ ಹೋದರು, ಅದು ಅವಳ ತವರು. ಅಲ್ಲಿ ಅವನು ಕಬ್ಬಿನ ಟ್ರ್ಯಾಕ್ಟರು ಓಡಿಸುತ್ತಾನೆ, ಅವಳು ಬಸ್ಸಿನಲ್ಲಿ ಬಂದು ಅದೇ ಶೆಡ್ಡಿನ ಕೆಲಸ ಮಾಡುತ್ತಾಳೆ ಎಂದರು. ಸಂಜೆ ಶೆಡ್ಡು ಬಿಡುವ ಹೊತ್ತಿಗೆ ಆ ರಸ್ತೆಯಲ್ಲಿ ಹೋಗುವುದನ್ನು ನಾನು ಬಿಟ್ಟೆ.

ಎರಡು ಸಾವಿರದ ನಾಲ್ಕರಲ್ಲಿ, ಯಾವುದೋ ಮದುವೆಗೆಂದು ಯಳಂದೂರಿಗೆ ಹೋಗಿದ್ದೆ. ಬಸ್ ಸ್ಟ್ಯಾಂಡಿನಲ್ಲಿ ಅವನು ಎದುರಿಗೇ ಬಂದ. ತಲೆ ನೆರೆತಿತ್ತು. ತಪ್ಪಿಸಿಕೊಳ್ಳಲು ಜಾಗ ಇರಲಿಲ್ಲ. ಅವನೇ ಕೈಯೆತ್ತಿ, “ಸಾ, ಚೆಂದಾಗಿದ್ದೀರಾ? ಟೀ ಕುಡೀರಿ ಬನ್ನಿ” ಎಂದ. ಟೀ ಅಂಗಡಿಯ ಬೆಂಚಿನ ಮೇಲೆ ಕೂತು, ಗ್ಲಾಸು ಕೈಗೆ ಬರುವ ಮೊದಲೇ ನಾನು ಹೇಳಿಬಿಟ್ಟೆ. ಹೇಗೆ ಹೇಳಿದೆನೋ ಗೊತ್ತಿಲ್ಲ. ಬಲ್ಬನ್ನು ಕಿತ್ತವನು ನಾನೇ ಎಂದೆ.

ಅವನು ಟೀ ಆರಿಸಿಕೊಂಡ.

“ಗೊತ್ತು ಸಾ.”

“ಏನು ಗೊತ್ತು?”

“ಮೇಸ್ತ್ರಿ ಶೆಡ್ನಲ್ಲಿ ಮೀಟ್ರು ಕೆಳ್ಗೆ ಕೈ ಆಕ್ದೆ. ಓಲ್ಡ್ರು ಇತ್ತು, ಬಲ್ಬ್ ಇರ್ನಿಲ್ಲ.”

“ಆಗಲೇ ಯಾಕಯ್ಯ ಹೇಳಲಿಲ್ಲ?”

“ಯಾರ್ಗೇಳಾನ? ಗಾಡಿ ನಿಮ್ದು, ಮಾತೂ ನಿಮ್ದು. ಇವ್ನೇ ಕಿತ್ಬುಟ್ಟು ಯಜಮಾನ್ರ ಮ್ಯಾಲ್ ಆಕ್ತಾವ್ನೆ ಅನ್ನೋರು.” ಗ್ಲಾಸನ್ನು ಬೆಂಚಿನ ಮೇಲಿಟ್ಟು ಹೇಳಿದ: “ನಮ್ಮೋಳ್ಗೂ ಏಳ್ನಿಲ್ಲ. ಏಳಿದ್ರೆ ನಿಮ್ ಮನೆ ಬಾಗ್ಲಲ್ಲಿ ನಿಂತ್ಕಂಡು ಬಾಯ್ ಬಡ್ಕಳೋಳು. ನಾನೇ ಆಯಿಲ್ ನೋಡ್ನಿಲ್ಲ ಅಂತ ಏಳ್ದೆ. ಅವತ್ತಿಂದ ಇವತ್ತುವರ್ಗೂ ಬಯ್ತಾನೇ ಅವ್ಳೆ. ಕೈ ಉರುದ್ರೆ ಸಾಕು, ನನ್ಗೇ ಬಯ್ಗುಳ.”

ಕ್ಷಮಿಸು ಎಂದೆ. ಅವನ ಕೈ ಹಿಡಿದುಕೊಂಡೆ. ಅವನಿಗೆ ನಾಚಿಕೆಯಾಗಿ ಕೈ ಬಿಡಿಸಿಕೊಂಡು ಅತ್ತಿತ್ತ ನೋಡಿದ.

“ನನ್ಗ್ಯಾಕೆ ಬುಡಿ ಸಾ, ನಂದೆಲ್ಲಾ ಆಗೋಯ್ತು. ಇವತ್ತು ಮನೇಲವ್ಳೆ. ಬನ್ನಿ, ಅವಳ್ಗೊಂದ್ ಮಾತು ಏಳಿ. ಅಷ್ಟು ಸಾಕು.”

ಆಟೋದಲ್ಲಿ ಹೊನ್ನೂರಿಗೆ ಹೋದೆವು. ದಾರಿಯುದ್ದಕ್ಕೂ ಮನಸ್ಸಿನಲ್ಲಿ ಮಾತು ಜೋಡಿಸುತ್ತಿದ್ದೆ. ‘ತಪ್ಪು ನಿನ್ನ ಗಂಡನದಲ್ಲ, ನನ್ನದು’ ಎಂದು ಶುರು ಮಾಡಬೇಕು ಎಂದುಕೊಂಡೆ. ಮನೆಯ ಮುಂದೆ ಅವಳು ಅಕ್ಕಿ ಆರಿಸುತ್ತಿದ್ದಳು. ನನ್ನನ್ನು ನೋಡಿ ಮೊರ ಇಟ್ಟು ದಡಬಡ ಎದ್ದಳು. ಸೆರಗು ಸರಿ ಮಾಡಿಕೊಂಡು, ಚಾಪೆ ಹಾಸಿ, ಒಳಗೆ ಓಡಿ ನೀರು ತಂದಳು. ಲೋಟ ಕೊಟ್ಟ ಕೈಯನ್ನು ನಾನು ನೋಡಿದೆ. ನೋಡಬಾರದು ಎಂದುಕೊಂಡೇ ನೋಡಿದೆ.

ನಾನು ಬಾಯಿ ತೆರೆಯುವ ಮೊದಲೇ ಅವಳು ಶುರು ಮಾಡಿದಳು.

“ಅಣ್ಣಾ, ನಿಮ್ ಮೊಕ ನೋಡಾಕೇ ನಮ್ಗೆ ನಾಚ್ಕೆ. ನಿಮ್ ಗಾಡಿ ಆಳಾಯ್ತು, ಮಾರ್ಕಂಡ್ರಿ. ಈ ಮನ್ಸ ಬೆಳಗ್ಗೆ ಎದ್ದು ಒಂದ್ಸಲ ಆಯಿಲ್ ನೋಡಿದ್ರೆ ನೀವೂ ನೆಟ್ಗಿರ್ತಿದ್ರಿ, ನಾವೂ ನೆಟ್ಗಿರ್ತಿದ್ವಿ. ನೀವು ದೊಡ್ಡೋರು, ಒಂದು ಪೋಲೀಸು ಗೀಲೀಸು ಅನ್ನಿಲ್ಲ. ಬಂದು ಒಂದ್ಮಾತು ತಪ್ಪಾಯ್ತು ಅಂತ ಏಳ್ಬೇಕು ಅಂತ ಎಷ್ಟ್ಸಲ ಅಂದ್ಕಂಡಿವ್ನಿ. ಮನಸ್ನಲ್ಲಿ ಮಡಿಕ್ಕಬೇಡಿ ಅಣ್ಣಾ. ತಪ್ಪಾಯ್ತು.”

ಅವಳು ಎರಡೂ ಕೈ ಜೋಡಿಸಿದಳು.

ಡ್ರೈವರ್ ಬಾಗಿಲ ಪಕ್ಕದಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದ. ನನ್ನ ಸರದಿ ಎಂದು ಕಾಯುತ್ತಿದ್ದ.

ಜೋಡಿಸಿಟ್ಟ ಮಾತು ಗಂಟಲಿಗೆ ಬಂದಿತ್ತು. ಆದರೆ ಅವಳು ನನ್ನನ್ನು ದೊಡ್ಡವನು ಎಂದುಬಿಟ್ಟಿದ್ದಳು. ಅಷ್ಟು ವರ್ಷದ ಬೈಗುಳವನ್ನೆಲ್ಲ ಅವಳು ಹಿಂದಕ್ಕೆ ತೆಗೆದುಕೊಂಡು ನನ್ನ ಮೇಲೆ ಹಾಕುವುದನ್ನು ಕಣ್ಣಾರೆ ನೋಡುವ ಶಕ್ತಿ ನನಗೆ ಇರಲಿಲ್ಲ. ನನ್ನ ಬಾಯಿಂದ ಬಂದದ್ದು ಇಷ್ಟು:

“ಇರಲಿ ಬಿಡಮ್ಮ. ಆಗಿದ್ದು ಆಯಿತು. ನಾನೇನೂ ಮನಸ್ಸಿನಲ್ಲಿ ಇಟ್ಟುಕೊಂಡಿಲ್ಲ.”

ನಾನು ಅವಳನ್ನು ಕ್ಷಮಿಸಿದೆ. ಅವಳು ಸಮಾಧಾನದಿಂದ ಕಣ್ಣೊರೆಸಿಕೊಂಡು ಕಾಫಿ ಮಾಡಲು ಒಳಗೆ ಹೋದಳು. ನಾನು ಆ ಕಾಫಿಯನ್ನೂ ಕುಡಿದೆ. ಡ್ರೈವರ್ ರಸ್ತೆಯವರೆಗೆ ಬಂದು, “ಬಸ್ಸು ಈಗ ಬತ್ತದೆ ಸಾ, ಇಲ್ಲೇ ನಿಂತ್ಕಳಿ” ಎಂದ. ಬಸ್ಸು ಬರುವವರೆಗೆ ಕಾಯದೆ ಮನೆಗೆ ಹಿಂತಿರುಗಿದ. ಆಮೇಲೆ ಅವನು ನನಗೆ ಸಿಗಲಿಲ್ಲ. ಕೆಲವು ವರ್ಷದ ಹಿಂದೆ ತೀರಿಕೊಂಡ ಎಂದು ಯಾರೋ ಹೇಳಿದರು. ಹೆಂಡತಿಯ ಕಣ್ಣಿನಲ್ಲಿ ಆಯಿಲ್ ನೋಡದ ಡ್ರೈವರಾಗಿಯೇ ಹೋದ.

ನನಗೆ ಈಗ ಕಿವಿ ಮಂದ, ಮಂಡಿ ನೋವು. ಹೊನ್ನೂರಿಗೆ ಬಸ್ಸು ಇದೆ. ಎರಡು ಸಲ ಹತ್ತಿ, ಎರಡು ಸಲವೂ ಯಳಂದೂರಿನಲ್ಲೇ ಇಳಿದು ವಾಪಸು ಬಂದೆ. ಅವಳು ಬದುಕಿದ್ದಾಳೆ ಎಂದು ಗೊತ್ತು. ಈ ಬರಹವನ್ನು ಯಾರಾದರೂ ಓದಿ ಹೇಳಿದರೆ ಅವಳಿಗೆ ತಿಳಿಯಬಹುದು, ಆದರೆ ಅದು ಕ್ಷಮೆ ಕೇಳಿದಂತೆ ಆಗುವುದಿಲ್ಲ ಎಂಬುದೂ ಗೊತ್ತು. ಗೌಡರನ್ನು ಅವರ ಕೊನೆಗಾಲದಲ್ಲಿ ಕ್ಷಮೆ ಕೇಳಿದೆ, ಅವರು ನಕ್ಕು ಬಿಟ್ಟರು. ಡ್ರೈವರನ್ನು ಟೀ ಅಂಗಡಿಯಲ್ಲಿ ಕೇಳಿದೆ. ನಾನು ಕ್ಷಮೆ ಕೇಳದೇ ಉಳಿದಿರುವುದು ಅವನ ಹೆಂಡತಿಯನ್ನು, ನನ್ನ ಮುಂದೆ ಕೈ ಜೋಡಿಸಿ ನಿಂತ ಆ ಹೆಂಗಸನ್ನು.